ಪಟ್ಟಿಯಲ್ಲಿದ್ದವರು ಪಟ್ಟು ಹಿಡಿದಾಗ

ಬೆಳಗಾವಿ ಸೀಮೆಯ ದೇವದಾಸಿ ವಿಮೋಚನೆ ಮತ್ತು ‘ಮಾಸ್’ ಸಂಸ್ಥೆ ನಡೆದು ಬಂದ ದಾರಿ

ಗೋಕಾಕ ತಾಲ್ಲೂಕಿನ ಘಟಪ್ರಭೆಯಲ್ಲಿ ಕಚೇರಿ ಇಟ್ಟುಕೊಂಡಿರುವ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ಯನ್ನು ಆ ಭಾಗದ ಜನ ಚುಟುಕಾಗಿ ‘ಮಾಸ್’ ಎನ್ನುತ್ತಾರೆ. 1997ರಲ್ಲಿ ನೋಂದಣಿಯಾದ ಈ ಸಂಸ್ಥೆಗೆ ಸದಸ್ಯರಾಗಲು ಓದು, ಆಸ್ತಿ, ಶಿಫಾರಸು ಯಾವುದೂ ಬೇಕಿರಲಿಲ್ಲ. ಒಂದು ಕಾಲಕ್ಕೆ ಕೊರಳಲ್ಲಿ, ದೇವಿಗೆ ಬಿಟ್ಟ ಗುರುತಾಗಿ ಕಟ್ಟುವ ಎಲ್ಲಮ್ಮನ ಮುತ್ತು ಇದ್ದಿರಬೇಕು, ಅಷ್ಟೆ. ಆಡಳಿತ ಮಂಡಳಿಗೂ ಅದೇ ಅರ್ಹತೆ. ದೇವದಾಸಿಯರ ಉದ್ಧಾರಕ್ಕೆಂದು ಹುಟ್ಟಿದ ಸಂಘಗಳು ಅದಕ್ಕೂ ಮೊದಲು ಇದ್ದವು. ಆದರೆ ದೇವದಾಸಿಯರೇ ಠರಾವು ಬರೆದು, ಸಹಿ ಮಾಡಿ, ಲೆಕ್ಕ ಒಪ್ಪಿಸುವ ಸಂಸ್ಥೆ ಅಪರೂಪ. ಆ ಅಪರೂಪ ಹೇಗೆ ಸಾಧ್ಯವಾಯಿತು, ಅದರಿಂದ ಕಾನೂನಿಗೂ ಯೋಜನೆಗಳಿಗೂ ಏನು ದಕ್ಕಿತು, ಇನ್ನೂ ಏನು ದಕ್ಕಬೇಕಿದೆ ಎಂಬುದನ್ನು ಈ ಲೇಖನದಲ್ಲಿ ದಾಖಲಿಸಿದೆ.

ಮುತ್ತು ಕಟ್ಟುವ ವಯಸ್ಸು

ದೇವದಾಸಿ ಎಂದೊಡನೆ ನಡುವಯಸ್ಸಿನ ಜೋಗತಿಯ ಚಿತ್ರ ಕಣ್ಣಿಗೆ ಬರುತ್ತದೆ: ಹಣೆ ತುಂಬ ಭಂಡಾರ, ತಲೆಯ ಮೇಲೆ ಕೊಡ, ಕೈಯಲ್ಲಿ ಚೌಡಕಿ. ಆದರೆ ಮುತ್ತು ಕಟ್ಟುವುದು ಬಹುಪಾಲು ಎಳೆಯ ಮಕ್ಕಳಿಗೆ. ಮೈನೆರೆಯುವ ಮೊದಲೇ ಆ ಶಾಸ್ತ್ರ ಮುಗಿದಿರುತ್ತದೆ. ಕಾರಣಗಳು ಊರೂರಿಗೆ ಒಂದೇ ಬಗೆಯವು. ಮನೆಯಲ್ಲಿ ಗಂಡು ಸಂತಾನವಿಲ್ಲ, ಮುಪ್ಪಿನಲ್ಲಿ ತಂದೆತಾಯಿಯನ್ನು ನೋಡಿಕೊಳ್ಳಲು ಒಬ್ಬಳನ್ನು ಮದುವೆ ಮಾಡದೆ ಉಳಿಸಿಕೊಳ್ಳಬೇಕು. ಮಗುವಿಗೆ ಮಾಸದ ಕಾಯಿಲೆ, ಹರಕೆ ಹೊತ್ತಿದ್ದಾರೆ. ಕೂದಲು ಸಿಕ್ಕುಗಟ್ಟಿ ಜಡೆಯಾಗಿದೆ, ಅದು ‘ಅವ್ವನ ಕರೆ’. ಇವೆಲ್ಲದರ ಕೆಳಗೆ ಬಡತನ, ಜಾತಿ. ಹರಕೆಗೆ ಹೋದವರಲ್ಲಿ ದಲಿತ ಕೇರಿಗಳ ಹುಡುಗಿಯರೇ ಹೆಚ್ಚು. ಮುಂದೆ ಅವಳ ಮೈಮೇಲೆ ಅಧಿಕಾರ ನಡೆಸಿದವರಲ್ಲಿ ಬಹುತೇಕರು ಆ ಕೇರಿಯವರಲ್ಲ.

ಮಾಸ್‌ನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಸೀತವ್ವ ಜೋಡಟ್ಟಿ ಅವರಿಗೆ ಮುತ್ತು ಕಟ್ಟಿದಾಗ ವಯಸ್ಸು ಏಳು. ಗಂಡುಮಕ್ಕಳಿಲ್ಲದ ಮನೆ ಅವರದು. ಏಳು ವರ್ಷದ ಮಗುವಿಗೆ ಅದು ಹೊಸ ಸೀರೆ, ಹಸಿರು ಬಳೆ, ಊಟದ ದಿನ. ಅದರ ಅರ್ಥ ತಿಳಿಯುವ ಹೊತ್ತಿಗೆ ಯಾರೋ ಒಬ್ಬ ‘ಇಟ್ಟುಕೊಂಡವಳಾಗಿ’, ತಾಯಿಯಾಗಿ, ಬಾಲ್ಯ ಮುಗಿದಿರುತ್ತದೆ. ಈ ಸೀಮೆಯಿಂದ ಮುಂಬಯಿ, ಪುಣೆ, ಸಾಂಗಲಿಗಳ ಓಣಿಗಳಿಗೆ ಹೋದ ಹುಡುಗಿಯರ ದಾರಿಯೂ ಇಲ್ಲಿಂದಲೇ ಶುರು. ಧರ್ಮದ ಮಾತು ಬದಿಗಿಟ್ಟು ನೋಡಿದರೆ ಇದು ಮಕ್ಕಳ ಲೈಂಗಿಕ ಶೋಷಣೆ. ಆದರೆ ಆ ಹೆಸರಿನಿಂದ ಅದನ್ನು ಕರೆಯಲು ಸರ್ಕಾರಕ್ಕೂ ಸಮಾಜಕ್ಕೂ ಬಹಳ ಕಾಲ ಹಿಡಿಯಿತು.

ಅವರನ್ನು ಕೇಳದೆ ಬರೆದ ಕಾನೂನುಗಳು

ಕಾನೂನಿಗೆ ಈ ನಾಡಿನಲ್ಲಿ ಬರವಿರಲಿಲ್ಲ. ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಬೆಳಗಾವಿ, ವಿಜಯಪುರ, ಧಾರವಾಡಗಳು ಮುಂಬಯಿ ಪ್ರಾಂತದಲ್ಲಿದ್ದುದರಿಂದ ಅಲ್ಲಿ 1934ರ ಮುಂಬಯಿ ದೇವದಾಸಿ ರಕ್ಷಣಾ ಕಾಯ್ದೆ ಅನ್ವಯವಾಯಿತು. ಬಳ್ಳಾರಿ ಮದರಾಸಿಗೆ ಸೇರಿದ್ದರಿಂದ 1947ರ ಮದರಾಸು ಕಾಯ್ದೆ. ಮದರಾಸಿನ ಆ ಕಾಯ್ದೆಯ ಹಿಂದೆ ವೈದ್ಯೆ ಹಾಗೂ ಶಾಸಕಿ ಮುತ್ತುಲಕ್ಷ್ಮಿ ರೆಡ್ಡಿ ಅವರ ವರ್ಷಗಟ್ಟಲೆಯ ದುಡಿಮೆ ಇತ್ತು. ಅವರ ತಾಯಿ ದೇವದಾಸಿ ಕುಲದವರು. ಶಾಸನಸಭೆಯಲ್ಲಿ ಈ ವಿಷಯವನ್ನು ಒಳಗಿನಿಂದ ಬಲ್ಲವರ ದನಿ ಆಗ ಅದೊಂದೇ ಎನ್ನುವಷ್ಟು ಒಂಟಿಯಾಗಿತ್ತು.

ಏಕೀಕರಣದ ನಂತರ ಇಡೀ ರಾಜ್ಯಕ್ಕೆ ಒಂದೇ ಕಾನೂನು ಬೇಕೆಂದು ವಿಧಾನಮಂಡಲ 1982ರಲ್ಲಿ ಕರ್ನಾಟಕ ದೇವದಾಸಿಯರ (ಸಮರ್ಪಣೆ ನಿಷೇಧ) ಕಾಯ್ದೆಯನ್ನು ಅಂಗೀಕರಿಸಿತು. 1984ರಲ್ಲಿ ಅದು ಜಾರಿಗೆ ಬಂತು. ಮುತ್ತು ಕಟ್ಟಿಸಿದವರಿಗೆ, ಶಾಸ್ತ್ರದಲ್ಲಿ ಪಾಲ್ಗೊಂಡವರಿಗೆ ಮೂರು ವರ್ಷದವರೆಗೆ ಸಜೆ. ಕಟ್ಟಿಸಿದವರು ತಂದೆತಾಯಿಯೋ ನೆಂಟರೋ ಆಗಿದ್ದರೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ. ದೇವದಾಸಿಯ ಮದುವೆ ಕಾನೂನುಬದ್ಧ, ಆ ಮದುವೆಯ ಮಕ್ಕಳು ಔರಸರು ಎಂದೂ ಅದರಲ್ಲಿತ್ತು.

ಕಾಗದದ ಮೇಲೆ ಒಳ್ಳೆಯ ಕಾನೂನು. ಆದರೆ ಹತ್ತು ವರ್ಷದ ಹುಡುಗಿಯ ಕಣ್ಣಿನಿಂದ ಅದನ್ನು ಓದಿದವರು ಯಾರೂ ಇರಲಿಲ್ಲ. ಅವಳು ಬಾಯಿಬಿಟ್ಟರೆ ಮೊದಲು ಜೈಲಿಗೆ ಹೋಗುವವರು ಅವಳ ಅವ್ವ, ಅಪ್ಪ. ಅವಳನ್ನು ‘ಇಟ್ಟುಕೊಂಡ’ ಗಂಡಸಿನ ಬಗ್ಗೆ ಆ ಕಾಯ್ದೆಯಲ್ಲಿ ಒಂದು ಸಾಲೂ ಇಲ್ಲ. ದೂರು ಕೊಟ್ಟ ಮಾರನೆಯ ದಿನ ಅವಳು ಎಲ್ಲಿ ಉಣ್ಣಬೇಕು, ಎಲ್ಲಿ ಮಲಗಬೇಕು ಎಂಬುದಕ್ಕೂ ಉತ್ತರವಿಲ್ಲ. ಫಲ ಏನಾಯಿತೆಂದರೆ, ಜಾತ್ರೆಯ ಬಯಲಿನಲ್ಲಿ ನಡೆಯುತ್ತಿದ್ದ ಶಾಸ್ತ್ರ ಮನೆಯ ಕೋಣೆಗೆ, ದೂರದ ಸಣ್ಣ ಗುಡಿಗೆ, ರಾತ್ರಿಯ ಹೊತ್ತಿಗೆ ಸರಿಯಿತು. ಪ್ರಕರಣಗಳು ಠಾಣೆಗೆ ಬರಲಿಲ್ಲ. ಬರಲಿಲ್ಲವೆಂಬುದನ್ನೇ ಪದ್ಧತಿ ನಿಂತಿತೆಂದು ಕಡತಗಳು ಓದಿಕೊಂಡವು.

ವಾರದ ಸಭೆ, ಠರಾವು ಪುಸ್ತಕ

ಬೆಳಗಾವಿ ಜಿಲ್ಲೆಯಲ್ಲಿ ಗಾಳಿ ಬೇರೆ ದಿಕ್ಕಿನಿಂದ ಬೀಸಿತು. ಅಥಣಿಯಲ್ಲಿ ವಕೀಲ ಬಿ.ಎಲ್. ಪಾಟೀಲರು 1980ರ ದಶಕದಲ್ಲಿ ಕಟ್ಟಿದ ವಿಮೋಚನಾ ಸಂಘ ದೇವದಾಸಿಯರ ಮಕ್ಕಳ ಓದನ್ನು ಕೈಗೆತ್ತಿಕೊಂಡಿತು. ಮಲಾಬಾದಿನಲ್ಲಿ ಆ ಮಕ್ಕಳಿಗೆಂದೇ ವಸತಿ ಶಾಲೆ ತೆರೆಯಿತು. ಮಗಳು ಶಾಲೆಯಲ್ಲಿದ್ದರೆ ಮುತ್ತು ಕಟ್ಟುವ ಕೈ ಅವಳಿಗೆ ಎಟುಕುವುದಿಲ್ಲ ಎಂಬುದು ಅದರ ನೇರ ಲೆಕ್ಕ.

ಇನ್ನೊಂದು ಕಡೆಯಿಂದ ಬಂದದ್ದು ಮೈರಾಡ. 1968ರಲ್ಲಿ ಟಿಬೆಟಿನ ನಿರಾಶ್ರಿತರಿಗೆ ನೆಲೆ ಒದಗಿಸಲು ಹುಟ್ಟಿದ ಈ ಸಂಸ್ಥೆ 1980ರ ದಶಕದಲ್ಲಿ ಸ್ವಸಹಾಯ ಗುಂಪುಗಳ ದಾರಿ ಹಿಡಿಯಿತು. 1987ರಲ್ಲಿ ನಬಾರ್ಡ್ 10 ಲಕ್ಷ ರೂಪಾಯಿ ಕೊಟ್ಟು ಆ ಪ್ರಯೋಗವನ್ನು ಬೆಂಬಲಿಸಿತು. 1992ರಲ್ಲಿ ಗುಂಪುಗಳಿಗೆ ನೇರವಾಗಿ ಬ್ಯಾಂಕ್ ಸಾಲ ಕೊಡುವ ಪ್ರಾಯೋಗಿಕ ಯೋಜನೆ ದೇಶದಲ್ಲಿ ಶುರುವಾದದ್ದು ಆ ಅನುಭವದ ಬಲದಿಂದ. ಇದೇ ಹೊತ್ತಿಗೆ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಸಹಯೋಗದಲ್ಲಿ ಮೈರಾಡ ಬೆಳಗಾವಿ ಜಿಲ್ಲೆಯ ದೇವದಾಸಿಯರ ನಡುವೆ ಕೆಲಸ ಆರಂಭಿಸಿತು.

ಸ್ವಸಹಾಯ ಗುಂಪು ಎಂದರೆ ಇಂದು ಎಲ್ಲರಿಗೂ ಗೊತ್ತು. ಆಗ ಕೇರಿಯ ದೇವದಾಸಿಯರಿಗೆ ಅದು ಏನಾಗಿತ್ತೆಂದು ಕೊಂಚ ನಿಂತು ನೋಡಬೇಕು. ವಾರಕ್ಕೊಮ್ಮೆ, ಕೆಲಸ ಮುಗಿದ ಮೇಲೆ, ಸಮುದಾಯ ಭವನದಲ್ಲೋ ಯಾರದೋ ಪಡಸಾಲೆಯಲ್ಲೋ ಚಾಪೆ ಹಾಸಿ ದುಂಡಗೆ ಕೂರುವುದು. ಹಾಜರಿ, ಉಳಿತಾಯ, ಹಿಂದಿನ ಸಾಲದ ಕಂತು. ಆಮೇಲೆ ಸಾಲ ಯಾರಿಗೆ, ಯಾಕೆ ಎಂಬ ಚರ್ಚೆ. ಒಬ್ಬಳಿಗೆ ಎಮ್ಮೆ ಕೊಳ್ಳಬೇಕು, ಇನ್ನೊಬ್ಬಳಿಗೆ ಮಗನ ಆಸ್ಪತ್ರೆ ಖರ್ಚು, ಮತ್ತೊಬ್ಬಳಿಗೆ ಜಾತ್ರೆಗೆ ದುಡ್ಡು. “ಜಾತ್ರಿಗ್ಯಾಕವ್ವಾ ಸಾಲ? ಹಡ್ಲಿಗಿ ತುಂಬಸಾಕ ಸಂಘ ಮಾಡೀವೇನು?” ಎಂಬಂಥ ಪ್ರಶ್ನೆ ಎದ್ದಾಗ ಸಭೆ ಬಿಸಿಯಾಗುತ್ತದೆ. ಈ ಪ್ರಶ್ನೆಯನ್ನು ಹೊರಗಿನ ಅಧಿಕಾರಿ ಕೇಳಿದ್ದರೆ ಅವಮಾನ. ಪಕ್ಕದಲ್ಲಿ ಕೂತ, ತಾನೂ ಹಡ್ಲಿಗಿ (ದೇವಿಯ ಬುಟ್ಟಿ) ಹೊತ್ತವಳು ಕೇಳಿದರೆ ವಿಚಾರ. ಕೊನೆಗೆ ತೀರ್ಮಾನವನ್ನು ಠರಾವು ಪುಸ್ತಕದಲ್ಲಿ ಬರೆಯುತ್ತಾರೆ. ಅಕ್ಷರ ಬಲ್ಲವಳೊಬ್ಬಳು ಓದಿ ಹೇಳುತ್ತಾಳೆ, ಉಳಿದವರು ಸಹಿ ಮಾಡುತ್ತಾರೆ, ಇಲ್ಲವೆ ಹೆಬ್ಬೆಟ್ಟು ಒತ್ತುತ್ತಾರೆ. ತನ್ನ ಮೈಯ ಮೇಲೆ, ಮನೆಯ ಮೇಲೆ, ಮಕ್ಕಳ ಮೇಲೆ ಯಾವ ತೀರ್ಮಾನವನ್ನೂ ತಾನು ತೆಗೆದುಕೊಳ್ಳದ ಹೆಣ್ಣಿಗೆ ಸಾವಿರ ರೂಪಾಯಿ ಸಾಲದ ತೀರ್ಮಾನವೇ ಮೊದಲ ಪಾಠವಾಯಿತು.

ಈ ಗುಂಪುಗಳು ಬೆಳೆದು ಒಂದಕ್ಕೊಂದು ಕೂಡಿ, ಮೈರಾಡ ಹಿಂದೆ ಸರಿದು, 1997ರಲ್ಲಿ ಮಾಸ್ ಆಯಿತು. ಸಂಘ ಕಟ್ಟಿಸಿದವರು ಪಕ್ಕಕ್ಕೆ ನಿಂತು ಜಾಗ ಬಿಟ್ಟುಕೊಟ್ಟದ್ದು ಈ ಚರಿತ್ರೆಯಲ್ಲಿ ಸಣ್ಣ ಮಾತಲ್ಲ. ನಮ್ಮಲ್ಲಿ ಎಷ್ಟೋ ಸಂಸ್ಥೆಗಳು ತಾವು ಉದ್ಧರಿಸಬೇಕಾದವರನ್ನು ಫಲಾನುಭವಿಗಳಾಗಿಯೇ ಉಳಿಸಿಕೊಂಡು ರಜತೋತ್ಸವ ಆಚರಿಸಿವೆ.

ಗುಡ್ಡದಲ್ಲಿ, ಮನೆಯಲ್ಲಿ

ಮಾಸ್‌ನ ಕೆಲಸಕ್ಕೆ ಎರಡು ಮುಖ. ಒಂದು ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಕರ್ನಾಟಕ, ಮಹಾರಾಷ್ಟ್ರಗಳಿಂದ ಲಕ್ಷಗಟ್ಟಲೆ ಜನ ಸೇರುವ ಆ ಗುಡ್ಡದಲ್ಲಿ ಬೀದಿನಾಟಕ, ಹಾಡು, ಜಾಥಾ. ದೇವಿಯನ್ನು ಬಯ್ಯುವ ಮಾತು ಅಲ್ಲಿ ನಡೆಯುವುದಿಲ್ಲ. ‘ಅವ್ವ ನಮ್ಮವಳೇ, ಕೂಸಿನ ಬಾಳು ಕೇಳುವವಳಲ್ಲ’ ಎಂಬ ಧಾಟಿ. ಹೇಳುವವಳು ಸ್ವತಃ ಮುತ್ತು ಕಟ್ಟಿಸಿಕೊಂಡವಳಾದ್ದರಿಂದ ಕೇಳುವವರು ನಿಂತು ಕೇಳುತ್ತಾರೆ.

ಎರಡನೆಯದು, ಕಣ್ಣಿಗೆ ಬೀಳದ ಕೆಲಸ. ಯಾವ ಮನೆಯಲ್ಲಿ ಹರಕೆಯ ಮಾತು ನಡೆದಿದೆ, ಯಾವ ಹುಡುಗಿಯ ಕೂದಲು ಜಡೆಗಟ್ಟಿದೆ, ಯಾವ ತಾಯಿ ಮಗಳನ್ನು ಶಾಲೆ ಬಿಡಿಸಿದ್ದಾಳೆ ಎಂಬುದು ಪೊಲೀಸರಿಗಿಂತ ಮೊದಲು ಕೇರಿಯ ಸಂಘದ ಹೆಂಗಸರಿಗೆ ತಿಳಿಯುತ್ತದೆ. ಜಡೆ ಬಿಟ್ಟದ್ದು ಎಣ್ಣೆ, ಬಾಚಣಿಗೆ, ನೀರು ಕಾಣದ್ದರಿಂದ ಎಂದು ಕೂತು ತಿಳಿಹೇಳಿ, ಒಪ್ಪಿಸಿ, ಕತ್ತರಿಸುವುದು ಅವರಿಗೇ ಸಾಧ್ಯ. ಕತ್ತರಿಸಿದ ಮೇಲೆ ಏನೂ ಆಗುವುದಿಲ್ಲ ಎಂಬುದಕ್ಕೆ ಅವರ ತಲೆಯೇ ಸಾಕ್ಷಿ. ಸರ್ಕಾರಿ ಭಾಷೆಯಲ್ಲಿ ಇದನ್ನು ಆಪ್ತಸಮಾಲೋಚನೆ, ಮುಂಜಾಗ್ರತೆ ಎಂದೆಲ್ಲ ಬರೆಯುತ್ತಾರೆ. ಇದೇ ಕೆಲಸಕ್ಕಾಗಿ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಯೋಜನೆಗಳು ಎಡವಿದ ಕಡೆ

ನೊಂದವರನ್ನು ಕೇಳದೆ ಮಾಡಿದ ಯೋಜನೆ ಎಲ್ಲಿ ಎಡವುತ್ತದೆ ಎಂಬುದಕ್ಕೆ ಈ ಸೀಮೆಯಲ್ಲೇ ಮೂರು ಉದಾಹರಣೆಗಳಿವೆ.

ಮೊದಲನೆಯದು ಮದುವೆ. ದೇವದಾಸಿಯನ್ನು ಮದುವೆಯಾಗುವ ಗಂಡಿಗೆ ಪ್ರೋತ್ಸಾಹಧನ ಕೊಡುವ ಯೋಚನೆ ಒಂದು ಕಾಲದಲ್ಲಿ ದೊಡ್ಡ ಸುಧಾರಣೆಯಾಗಿ ಕಂಡಿತ್ತು. ಸಾಮೂಹಿಕ ವಿವಾಹಗಳ ಫೋಟೊಗಳು ಪತ್ರಿಕೆಗಳಲ್ಲಿ ಬಂದವು. ಹಣ ಕೈಸೇರಿದ ಮೇಲೆ ಬಿಟ್ಟುಹೋದ ಗಂಡಂದಿರ ಕಥೆ ಮಾತ್ರ ಕೇರಿಗಳಲ್ಲೇ ಉಳಿಯಿತು. ನಿಮಗೆ ಏನು ಬೇಕು ಎಂದು ಕೇಳಿದ್ದರೆ ಅವರ ಉತ್ತರ ಬೇರೆ ಇತ್ತು: ತುಂಡು ಭೂಮಿ, ಸ್ವಂತ ಹೆಸರಿನ ಮನೆ, ಮಾಸಾಶನ, ಮಕ್ಕಳಿಗೆ ಹಾಸ್ಟೆಲ್. ಸಂಘಟನೆಗಳು ರಸ್ತೆಗಿಳಿದು ಹೋರಾಡಿದ ಮೇಲೆ ಮಾಸಾಶನ ಬಂತು. ಅದು ಏರುತ್ತ 1,500 ರೂಪಾಯಿಗೆ, 2025-26ರ ಬಜೆಟ್‌ನಲ್ಲಿ 2,000 ರೂಪಾಯಿಗೆ ತಲುಪಿತು.

ಎರಡನೆಯದು ಪಟ್ಟಿ. 1993-94ರ ಸಮೀಕ್ಷೆಯಲ್ಲಿ 22,873, 2007-08ರ ಸಮೀಕ್ಷೆಯಲ್ಲಿ 23,787, ಒಟ್ಟು 14 ಜಿಲ್ಲೆಗಳಲ್ಲಿ 46,660 ಮಂದಿ ದೇವದಾಸಿಯರೆಂದು ಸರ್ಕಾರ ಗುರುತಿಸಿತು. ಮನೆ, ಸಾಲ, ಮಾಸಾಶನ ಎಲ್ಲಕ್ಕೂ ಈ ಪಟ್ಟಿಯೇ ಹೆಬ್ಬಾಗಿಲು. ಸಮೀಕ್ಷೆಯ ದಿನ ಕಬ್ಬು ಕಡಿಯಲು ಹೋದವಳು, ಮುಂಬಯಿಯಲ್ಲಿದ್ದವಳು, ನಾಚಿಕೆಗೆ ಬಾಗಿಲು ಹಾಕಿಕೊಂಡವಳು ಹೊರಗೆ ಉಳಿದಳು. ಎಲ್ಲರಿಗಿಂತ ಹೆಚ್ಚಾಗಿ ಹೊರಗುಳಿದವರು ಎಳೆಯರು. 1984ರ ನಂತರ ಮುತ್ತು ಕಟ್ಟಿಸಿಕೊಂಡವಳು ತಾನು ದೇವದಾಸಿ ಎಂದು ಬರೆಸಿದರೆ ತಾಯಿಯ ಅಪರಾಧವನ್ನೇ ಬರೆಸಿದಂತೆ. ಹಾಗಾಗಿ ಇಪ್ಪತ್ತು ವರ್ಷದವಳ ಹೆಸರು ಎಲ್ಲಿಯೂ ಇಲ್ಲ. ಮಾಸಾಶನಕ್ಕೆ ಇದ್ದ ವಯಸ್ಸಿನ ಮಿತಿಯೂ ಅವಳ ಎದುರಿಗೇ ಬಾಗಿಲು ಮುಚ್ಚಿತು. ನೆರವು ಯಾರಿಗೆ ಹೆಚ್ಚು ಬೇಕಿತ್ತೋ ಆ ವಯಸ್ಸಿನವರನ್ನೇ ವ್ಯವಸ್ಥೆ ಕಾಣದಂತೆ ಮಾಡಿತು.

ಮೂರನೆಯದು ಒಂದು ಖಾಲಿ ಗೆರೆ. ಜೂನ್ ತಿಂಗಳಲ್ಲಿ ಶಾಲೆಯ ದಾಖಲಾತಿ. ಮೇಷ್ಟ್ರು ಅರ್ಜಿ ತುಂಬುತ್ತ ಕೇಳುತ್ತಾರೆ, “ಅಪ್ಪನ ಹೆಸರು ಹೇಳವ್ವಾ.” ಹಿಂದೆ ಸಾಲಿನಲ್ಲಿ ನಿಂತವರ ಕಿವಿ ನೆಟ್ಟಗಾಗುತ್ತದೆ. ತಾಯಿ ಒಮ್ಮೆ ನೆಲ ನೋಡಿ ತನ್ನ ಹೆಸರನ್ನೋ ತನ್ನ ಅಣ್ಣನ ಹೆಸರನ್ನೋ ದೇವರ ಹೆಸರನ್ನೋ ಹೇಳುತ್ತಾಳೆ. ಆರು ವರ್ಷದ ಮಗು ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಮುಂದೆ ಜಾತಿ ಪ್ರಮಾಣಪತ್ರ, ಹಾಸ್ಟೆಲ್, ವಿದ್ಯಾರ್ಥಿವೇತನ, ಆಧಾರ್, ಕೆಲಸದ ಅರ್ಜಿ, ಪ್ರತಿ ಕಿಟಕಿಯ ಮುಂದೂ ಅದೇ ಗೆರೆ. 1934ರಿಂದ ಬಂದ ಕಾನೂನುಗಳನ್ನು ಬರೆದ ಪಂಡಿತರಿಗೆ ಈ ಗೆರೆ ಕಾಣಲೇ ಇಲ್ಲ. ಅದನ್ನು ದೊಡ್ಡ ಪ್ರಶ್ನೆಯಾಗಿ ಎತ್ತಿದವರು ಆ ಗೆರೆಯ ಮುಂದೆ ತಡವರಿಸಿ ಬೆಳೆದ ಮಕ್ಕಳೇ, ಈಗ ಪದವಿ ಓದಿ ಸಂಘ ಕಟ್ಟಿದ ಎರಡನೆಯ ತಲೆಮಾರು.

ಕರಡಿನ ಮೇಜಿನ ಸುತ್ತ

2014ರ ಫೆಬ್ರುವರಿಯಲ್ಲಿ ಹರಪನಹಳ್ಳಿ ತಾಲ್ಲೂಕಿನ ಉತ್ತಂಗಿ ದುರ್ಗಮ್ಮನ ಗುಡಿಯಲ್ಲಿ ಹುಡುಗಿಯರಿಗೆ ಮುತ್ತು ಕಟ್ಟಲಿದ್ದಾರೆ ಎಂಬ ದೂರು ಸುಪ್ರೀಂ ಕೋರ್ಟಿಗೆ ಹೋಯಿತು. ಅದನ್ನು ತಡೆಯುವಂತೆ ರಾಜ್ಯದ ಮುಖ್ಯ ಕಾರ್ಯದರ್ಶಿಗೆ ಕೋರ್ಟು ಸೂಚಿಸಿತು. ಕಾನೂನು ಬಂದು ಮೂವತ್ತು ವರ್ಷವಾದ ಮೇಲೂ ದೇಶದ ಅತ್ಯುನ್ನತ ನ್ಯಾಯಾಲಯ ಇಂಥದ್ದೊಂದು ಆದೇಶ ಕೊಡಬೇಕಾಯಿತು ಎಂಬುದೇ ಹಳೆಯ ಕಾನೂನಿನ ಸೋಲಿಗೆ ಸಾಕಷ್ಟು ದೊಡ್ಡ ಟಿಪ್ಪಣಿ. ಅಷ್ಟರಲ್ಲಿ 2012ರ ಪೋಕ್ಸೊ ಕಾಯ್ದೆ ಬಂದು, ಹದಿನೆಂಟರೊಳಗಿನ ಹುಡುಗಿಯ ಮೈಮುಟ್ಟಿದ ಗಂಡಸು ಯಾವ ದೇವರ ಹೆಸರು ಹೇಳಿದರೂ ಅಪರಾಧಿಯೇ ಎಂಬುದು ಸ್ಪಷ್ಟವಾಗಿತ್ತು.

ಹೊಸ ಕಾನೂನಿನ ಕೂಗು ಹೀಗೆ ಬಲವಾಯಿತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ವಿದ್ವಾಂಸರು ದೇವದಾಸಿ ಮಹಿಳೆಯರು, ಅವರ ಮಕ್ಕಳು ಹಾಗೂ ಸಂಘಟನೆಗಳ ಜೊತೆ ಕೂತು 2018ರ ಹೊತ್ತಿಗೆ ಒಂದು ಕರಡು ಸಿದ್ಧಪಡಿಸಿದರು. ಅದು ಹಲವು ವರ್ಷ ಕಡತದಲ್ಲೇ ಇತ್ತು. ಸಂಘಟನೆಗಳು ಪಟ್ಟು ಬಿಡಲಿಲ್ಲ. ಕೊನೆಗೆ 2025ರ ಆಗಸ್ಟ್‌ನಲ್ಲಿ ದೇವದಾಸಿ (ತಡೆಗಟ್ಟುವಿಕೆ, ನಿಷೇಧ, ಪರಿಹಾರ ಮತ್ತು ಪುನರ್ವಸತಿ) ವಿಧೇಯಕಕ್ಕೆ ವಿಧಾನಮಂಡಲದ ಒಪ್ಪಿಗೆ ದೊರೆಯಿತು. ಹೆಸರಿನಲ್ಲೇ ವ್ಯತ್ಯಾಸವಿದೆ: ನಿಷೇಧದ ಜೊತೆಗೆ ಪರಿಹಾರವೂ ಪುನರ್ವಸತಿಯೂ ಈಗ ಕಾನೂನಿನ ಮಾತು. ತಂದೆಯ ಹೆಸರು ಬರೆಯಲೇಬೇಕೆಂದು ದೇವದಾಸಿಯ ಮಕ್ಕಳನ್ನು ಒತ್ತಾಯಿಸುವಂತಿಲ್ಲ. ತಂದೆ ಯಾರೆಂದು ಸಾಬೀತುಪಡಿಸಿಕೊಳ್ಳಬೇಕೆನ್ನುವ ಮಗುವಿಗೆ ಅದಕ್ಕೂ ದಾರಿಯಿದೆ. ಬೇಡವೆನ್ನುವವರಿಗೆ ಬೇಡ, ಬೇಕೆನ್ನುವವರಿಗೆ ಬೇಕು: ಆಯ್ಕೆ ಮಗುವಿನದು. ಮೇಷ್ಟ್ರ ಮೇಜಿನ ಮುಂದೆ ನಿಂತವರು ಮಾತ್ರ ಕೇಳಬಹುದಾದ ಬೇಡಿಕೆ ಇದು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮರುಸಮೀಕ್ಷೆಯೂ ಆರಂಭವಾಯಿತು. 2007-08ರ ನಂತರ ಹದಿನೇಳು ವರ್ಷಕ್ಕೆ ಪಟ್ಟಿಯ ಬಾಗಿಲು ಮತ್ತೆ ತೆರೆಯಿತು.

ಇನ್ನು ಯಾರ ಸರದಿ

ಈ ಚರಿತ್ರೆಯಲ್ಲಿ ಮಾತಾಡಿದವರು ಬಹುಮಟ್ಟಿಗೆ ಬೆಳೆದ ಮೇಲೆ ಮಾತಾಡಿದವರು. ಏಳು ವರ್ಷಕ್ಕೆ ಮುತ್ತು ಕಟ್ಟಿಸಿಕೊಂಡು ಮೂವತ್ತಕ್ಕೆ ಸಂಘ ಸೇರಿದವರು. ನಡುವಿನ ಆ ಇಪ್ಪತ್ತಮೂರು ವರ್ಷಗಳ ಬಗ್ಗೆ ಅವರು ಹೇಳಿದ್ದನ್ನು ನಾವು ಕೇಳಿಸಿಕೊಂಡಿದ್ದೇವೆ. ಆ ವರ್ಷಗಳ ಒಳಗೇ ಇರುವವಳನ್ನು, ಇಂದಿನ ಹದಿನಾರರವಳನ್ನು, ಇನ್ನೂ ಕೇಳಿಲ್ಲ. ಮಕ್ಕಳಿಗೆ ಸಂಬಂಧಿಸಿದ ವಿಷಯದಲ್ಲಿ ಅವರ ಅಭಿಪ್ರಾಯ ಕೇಳಬೇಕು ಎಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಭಾರತ ಅದನ್ನು 1992ರಲ್ಲೇ ಒಪ್ಪಿದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುವ ಪದ್ಧತಿಯೂ ಇದೆ. ಅಲ್ಲಿ ಶಾಲೆಯ ಕಾಂಪೌಂಡ್, ಶೌಚಾಲಯ, ಬಸ್ಸಿನ ಬೇಡಿಕೆಗಳು ಬರುತ್ತವೆ. ಮುತ್ತಿನ ಮಾತು ಬರುವುದಿಲ್ಲ, ಬರಲೂ ಆಗದು. ಊರೆಲ್ಲ ಕೂತ ಸಭೆಯಲ್ಲಿ ಯಾವ ಹುಡುಗಿ ಅದನ್ನು ಎತ್ತಿಯಾಳು?

ಎಳೆಯರನ್ನು ಕೇಳುವುದೆಂದರೆ ಅವರನ್ನು ವೇದಿಕೆಗೆ ಹತ್ತಿಸಿ, ಮೈಕು ಕೊಟ್ಟು, ಅತ್ತ ಕೂಡಲೇ ಫೋಟೊ ತೆಗೆಯುವುದಲ್ಲ. ಅಂಥ ಸಮಾರಂಭಗಳನ್ನು ಈ ಸೀಮೆ ಕಂಡಿದೆ, ಅವುಗಳಿಂದ ನೊಂದವರು ಇನ್ನೊಮ್ಮೆ ನೊಂದಿದ್ದಾರೆ. ಹೆಸರು ಹೊರಬೀಳದ ಭರವಸೆ ಬೇಕು. ನಡುವೆ ಬೇಡವೆನಿಸಿದರೆ ಎದ್ದುಹೋಗುವ ಸ್ವಾತಂತ್ರ್ಯ ಬೇಕು. ಹೇಳಿದ್ದು ಏನಾಯಿತೆಂದು ಬಂದು ತಿಳಿಸುವ ಶಿಸ್ತು ಬೇಕು. ಅವಳ ಕಥೆಗಿಂತ ಅವಳ ಸಲಹೆ ಮುಖ್ಯವಾಗಬೇಕು: ಹಾಸ್ಟೆಲಿನ ನಿಯಮ ಹೇಗಿರಲಿ, ದೂರು ಯಾರ ಹತ್ತಿರ ಹೇಳಲು ಸುಲಭ, ಅವ್ವನನ್ನು ಜೈಲಿಗೆ ಕಳಿಸದೆ ತನ್ನನ್ನು ಕಾಯುವುದು ಹೇಗೆ. ಕೊನೆಯ ಪ್ರಶ್ನೆಗೆ ಯಾವ ಕಾನೂನು ಪಂಡಿತರ ಬಳಿಯೂ ಸಿದ್ಧ ಉತ್ತರವಿಲ್ಲ.

ಮಾಸ್‌ನ ಹಾದಿಯಲ್ಲಿ ಇದಕ್ಕೆ ಬೇಕಾದ ಮಾದರಿ ಆಗಲೇ ಇದೆ. ಗುಂಪು ಸಣ್ಣದಿರಲಿ, ಸಭೆ ಪದೇಪದೇ ಸೇರಲಿ, ತಮ್ಮಂಥವರೇ ನಡೆಸಲಿ, ತೀರ್ಮಾನ ಬರಹಕ್ಕಿಳಿಯಲಿ, ಹೊರಗಿನವರು ಸಕಾಲದಲ್ಲಿ ಹಿಂದೆ ಸರಿಯಲಿ. ಹೊಸ ಕಾನೂನಿನ ಜಾರಿಗೆ ಏನೇನು ಸಮಿತಿ ಆದರೂ, ಏನೇನು ನಿಯಮ ಬರೆದರೂ, ಅದರ ಮೇಜಿನ ಒಂದು ಕುರ್ಚಿ ದೇವದಾಸಿ ಕುಟುಂಬದ ಇಪ್ಪತ್ತರ ಒಳಹೊರಗಿನ ಯುವತಿಗೆ ಮೀಸಲಾಗಬೇಕು. ಬಸ್ ಚಾರ್ಜು, ದಿನಗೂಲಿ ನಷ್ಟ ಭರಿಸಿ ಅವಳನ್ನು ಕರೆಸಬೇಕು. ಅವಳ ಮಾತು ನಡಾವಳಿಯಲ್ಲಿ ದಾಖಲಾಗಬೇಕು. ಪಟ್ಟಿಯಲ್ಲಿದ್ದವರು ಪಟ್ಟು ಹಿಡಿದು ಇಷ್ಟನ್ನು ಮಾಡಿಸಿದ್ದಾರೆ. ಪಟ್ಟಿಗೇ ಸೇರದೆ ಉಳಿದವರಿಗೆ ಜಾಗ ಮಾಡಿಕೊಡುವುದು ಈಗ ಅವರ ಮತ್ತು ಸರ್ಕಾರದ ಕೂಡು ಹೊಣೆ.